ಗಾಲಿಯ ಮೇಲಿನ ಮನೆ: ಕೊಳ್ಳುವ ಮುನ್ನ ಒಂದು ಲೆಕ್ಕ

ರಜೆಯಲ್ಲಿ ವ್ಯಾನಿನೊಳಗೇ ಅಡುಗೆ ಮಾಡಿ, ಅಲ್ಲಿಯೇ ಮಲಗಿ ಊರೂರು ನೋಡುವ ಕುಟುಂಬಗಳು ಜರ್ಮನಿಯಲ್ಲಿ ಅನೇಕ. ಫೋಕ್ಸ್‌ವ್ಯಾಗನ್ ವ್ಯಾನಿಗೆ ಇಂತಹ ಸಜ್ಜಿಕೆಯನ್ನು 1951ರಲ್ಲಿ ವೆಸ್ಟ್‌ಫಾಲಿಯಾ ಸಂಸ್ಥೆಯು ಜೋಡಿಸತೊಡಗಿತು. 2003ರಿಂದ ಫೋಕ್ಸ್‌ವ್ಯಾಗನ್ ತಾನೇ ತನ್ನ ಕಾರ್ಖಾನೆಯಲ್ಲಿ ‘ಕ್ಯಾಲಿಫೋರ್ನಿಯಾ’ವನ್ನು ಸಿದ್ಧಪಡಿಸುತ್ತ ಬಂದಿದೆ. ಅದರ ಸುಸಜ್ಜಿತ ಮಾದರಿಯ ಬೆಲೆ 60,000 ಯೂರೋ ಮೀರಿದೆ. ಹಲವು ವರ್ಷಗಳ ಉಳಿತಾಯವನ್ನು ಅದಕ್ಕೆ ಸುರಿಯುವುದು ಉಚಿತವೇ?

2019ರ ಮಾದರಿಯ ಎತ್ತರ 2 ಮೀಟರಿಗಿಂತ ತುಸು ಕಡಿಮೆ. ಆದುದರಿಂದ 2 ಮೀಟರ್ ಮಿತಿಯ ನೆಲಮಾಳಿಗೆಯಲ್ಲೂ ಅದನ್ನು ನಿಲ್ಲಿಸಬಹುದು. ಮಕ್ಕಳನ್ನು ಶಾಲೆಗೆ ಬಿಡುವ ನಿತ್ಯದ ವಾಹನವಾಗಿಯೂ ಅದು ಒದಗುತ್ತದೆ. ಮಾಡನ್ನು ಮೇಲೆತ್ತಿದರೆ ನಾಲ್ವರಿಗೆ ಮಲಗಲು ಎಡೆಯುಂಟು. ಒಲೆ, ಫ್ರಿಜ್, 30 ಲೀಟರ್ ನೀರಿನ ತೊಟ್ಟಿ ಇವೆ. ಶೌಚಾಲಯವಿಲ್ಲ, ನಾಲ್ವರಿದ್ದಾಗ ಮಳೆಗಾಲದ ದಿನವು ಇಕ್ಕಟ್ಟಿನದೇ.

60,000 ಯೂರೋಗೆ ಕೊಂಡು, 10 ವರ್ಷಗಳ ಬಳಿಕ ಅರ್ಧ ಬೆಲೆಗೆ ಮಾರಿದರೆ ತಗಲುವ ವೆಚ್ಚ 30,000. ವರ್ಷಕ್ಕೆ 15 ರಾತ್ರಿ ಬಳಸಿದವರಿಗೆ ರಾತ್ರಿಯೊಂದಕ್ಕೆ 200 ಯೂರೋ ಬೀಳುತ್ತದೆ. 50 ರಾತ್ರಿ ಬಳಸಿದವರಿಗೆ 60 ಮಾತ್ರ. ವಿಮೆ, ಇಂಧನ, ದುರಸ್ತಿಗಳು ಬೇರೆ.

ಮನೆಯ ಕಾರಿನ ಬದಲಿಗೆ ಇದನ್ನೇ ಓಡಿಸಿ, ವಾರಾಂತ್ಯಗಳಲ್ಲೂ ಹೊರಡುವ ಕುಟುಂಬಕ್ಕೆ ಈ ಖರೀದಿ ಸಾರ್ಥಕ. ಬೇಸಿಗೆಯ ಒಂದು ಪ್ರವಾಸಕ್ಕಷ್ಟೇ ಬೇಕೆನ್ನುವವರಿಗೆ ಬಾಡಿಗೆಯೇ ಲೇಸು. ಹಾಸಿಗೆಯಿದ್ದಷ್ಟು ಕಾಲು ಚಾಚುವುದು ಜಾಣತನ. ಆ ಹಾಸಿಗೆಯನ್ನು ವರ್ಷದಲ್ಲಿ ಎಷ್ಟು ರಾತ್ರಿ ಹಾಸಲಾದೀತೆಂದು ಮೊದಲೇ ಎಣಿಸುವುದೂ ಜಾಣತನವೇ.