ಎಲುಬು ಸವೆದ ಹಿರಿಯರಿಗೆ ಮನೆಯಲ್ಲೇ ಆರೈಕೆಯ ವ್ಯವಸ್ಥೆ ಕೋರಿ ಮನವಿ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ ಇವರಿಗೆ

ಮನವಿದಾರರು: ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ಹಿರಿಯ ನಾಗರಿಕರು ಮತ್ತು ಅವರ ಆರೈಕೆ ಮಾಡುವ ಕುಟುಂಬದವರು

ವಿಷಯ: ಆಸ್ಟಿಯೊಪೊರೋಸಿಸ್ ಇರುವ ಹಿರಿಯರ ಮನೆ ಆರೈಕೆ ಕುರಿತು

ಮಾನ್ಯರೇ,

ಆಸ್ಟಿಯೊಪೊರೋಸಿಸ್ ಎಂದರೆ ಎಲುಬಿನ ಸಾಂದ್ರತೆ ಕುಗ್ಗಿ, ಒಳರಚನೆ ಜಾಳಾಗಿ, ನಿಂತಲ್ಲೇ ಜಾರಿ ಬಿದ್ದರೂ ಮುರಿಯುವ ಸ್ಥಿತಿ. ಮೊಣಕಾಲಿನ ಕೀಲು ಸವೆತಕ್ಕಿಂತ ಇದು ಬೇರೆ. ನೋವಿಲ್ಲದೆ ಬೆಳೆಯುವುದರಿಂದ, ಸೊಂಟದ ಬಳಿ ತೊಡೆಯೆಲುಬು ಮುರಿದಾಗಲೋ ಬೆನ್ನೆಲುಬಿನ ಮಣಿ ಕುಸಿದು ಬೆನ್ನು ಬಾಗಿದಾಗಲೋ ಮಾತ್ರ ಮನೆಯವರ ಗಮನಕ್ಕೆ ಬರುತ್ತದೆ. ಮುಟ್ಟು ನಿಂತ ಮಹಿಳೆಯರಿಗೂ, ದಮ್ಮು ಅಥವಾ ಸಂಧಿವಾತಕ್ಕೆ ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ಸೇವಿಸಿದವರಿಗೂ ಇದರ ಅಪಾಯ ಹೆಚ್ಚು.

ಮುರಿದ ತೊಡೆಯೆಲುಬಿಗೆ ಹುಬ್ಬಳ್ಳಿಯಲ್ಲೋ ಕಾರವಾರದಲ್ಲೋ ಶಸ್ತ್ರಚಿಕಿತ್ಸೆಯಾಗಿ ಹಿರಿಯರು ಮನೆಗೆ ಮರಳಿದ ಮೇಲೆ ನಿಜವಾದ ಕಷ್ಟ ತೊಡಗುತ್ತದೆ. ಮಲಗಿದಲ್ಲೇ ಇರುವವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ, ಕೂರಿಸಿ ನಡೆಸದಿದ್ದರೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ತಾಸು ಮಲಗದೆ ಕುಳಿತಿರಬೇಕು, ಇಲ್ಲವಾದರೆ ಅನ್ನನಾಳ ಸುಡಬಹುದು. ಇದನ್ನೆಲ್ಲ ಮಾಡುವವರು ಬಹುಪಾಲು ಮನೆಯ ಸೊಸೆಯೋ ಮಗಳೋ; ಬಗ್ಗಿ ಎತ್ತುವ ಕ್ರಮವನ್ನು ಅವರಿಗೆ ಕಲಿಸಿದವರು ಯಾರೂ ಇಲ್ಲ. ಜೋಯಿಡಾದ ಕಾಡಿನೊಳಗಿನ ಊರುಗಳಲ್ಲಿ ಮಳೆಗಾಲದ ಪಾಚಿ ಹಿಡಿದ ಅಂಗಳ ದಾಟಿ ಬಚ್ಚಲಿಗೆ ಹೋಗುವುದೇ ಮತ್ತೊಂದು ಬೀಳುವಿಕೆಗೆ ದಾರಿ, ಮತ್ತು ಒಮ್ಮೆ ಮುರಿದವರಲ್ಲಿ ಮತ್ತೆ ಮುರಿಯುವ ಸಂಭವ ಹೆಚ್ಚು.

2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 20ನೇ ಕಲಮು ಆಸ್ಪತ್ರೆಯ ಹಾಸಿಗೆ, ಪ್ರತ್ಯೇಕ ಸಾಲುಗಳನ್ನು ಕುರಿತು ಹೇಳುತ್ತದೆ. ಆಸ್ಪತ್ರೆಗೆ ಬರಲಾಗದವರ ಮನೆಗೆ ಭೇಟಿ ನೀಡುವ ಹೊಣೆಯನ್ನು 2010-11ರಲ್ಲಿ ಆರಂಭವಾದ ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ ವಹಿಸಿಕೊಂಡಿದೆ. ಮನವಿದಾರರ ಮೊದಲ ಬೇಡಿಕೆ ಇದೇ: ಎಲುಬು ಮುರಿದು ಆಸ್ಪತ್ರೆಯಿಂದ ಬಿಡುಗಡೆಯಾದ ಪ್ರತಿ ಹಿರಿಯರ ಮಾಹಿತಿ ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಬೇಕು, ಮೊದಲ ವಾರದೊಳಗೆ ಆರೋಗ್ಯ ಸಿಬ್ಬಂದಿ ಮನೆಗೆ ಹೋಗಬೇಕು, ಫಿಸಿಯೋಥೆರಪಿಸ್ಟ್ ತಿಂಗಳಿಗೊಮ್ಮೆಯಾದರೂ ಬರಬೇಕು.

ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ಪ್ರತಿ ತಾಲ್ಲೂಕಿಗೂ ಬೇಕೆಂಬ ಹಟ ಮನವಿದಾರರಿಗಿಲ್ಲ. ವಯಸ್ಸು, ತೂಕ, ಹಿಂದಿನ ಮುರಿತ, ತಂದೆತಾಯಿಗೆ ಆಗಿದ್ದ ಸೊಂಟದ ಮುರಿತ, ಸ್ಟೀರಾಯ್ಡ್ ಸೇವನೆ, ಧೂಮಪಾನ ಮುಂತಾದ ಪ್ರಶ್ನೆಗಳಿಂದಲೇ ಅಪಾಯವನ್ನು ಅಂದಾಜಿಸಬಹುದಾದ ಕಾರಣ, ಆಶಾ ಕಾರ್ಯಕರ್ತೆಯರಿಗೆ ತರಬೇತಿಯನ್ನೂ ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಟ್ಟು ಈ ಪ್ರಶ್ನಾವಳಿಯನ್ನು ಮನೆಮನೆಗೆ ಒಯ್ಯಬೇಕು. ಕುಣಬಿ, ಗೌಳಿ, ಸಿದ್ದಿ ಸಮುದಾಯಗಳ ಮನೆಗಳಲ್ಲಿ ಕೊಂಕಣಿ, ಮರಾಠಿ ಮಾತು ಹೆಚ್ಚು. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟಿಯನ್ನರಲ್ಲೂ ವೃದ್ಧರಿದ್ದಾರೆ. ಆದ್ದರಿಂದ ಕನ್ನಡದ ಪ್ರಶ್ನಾವಳಿಯೊಂದೇ ಸಾಲದು.

ಮುಟ್ಟು ನಿಂತ ಮಹಿಳೆಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಅದು ಸುಮಾರು 360 ಮಿಲಿಗ್ರಾಂ ಇದ್ದರೆ, ಪಾಲಿಷ್ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಅನ್ನವನ್ನೇ ನಂಬಿದ ಈ ಭಾಗದ ಹಿರಿಯರಿಗೆ ಪಡಿತರದಲ್ಲಿ ರಾಗಿಯನ್ನೂ ಆರೋಗ್ಯ ಕೇಂದ್ರದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನೂ ತಪ್ಪದೆ ಒದಗಿಸಬೇಕು.

2017ರ ರಾಷ್ಟ್ರೀಯ ವಯೋಶ್ರೀ ಯೋಜನೆಯ ಊರುಗೋಲು, ವಾಕರ್, ಗಾಲಿಕುರ್ಚಿಗಳ ವಿತರಣಾ ಶಿಬಿರವನ್ನು ನಾಲ್ಕೂ ತಾಲ್ಲೂಕುಗಳಲ್ಲಿ ನಡೆಸಿ, ಶಿಬಿರಕ್ಕೆ ಬರಲಾಗದವರಿಗೆ ಮನೆಗೇ ತಲುಪಿಸಬೇಕು. ಬಚ್ಚಲಿಗೆ ಹಿಡಿಕಂಬಿ ಮತ್ತು ಜಾರದ ನೆಲ ಹಾಕಿಸಲು ಗ್ರಾಮ ಪಂಚಾಯಿತಿ, ನಗರಸಭೆ, ಪುರಸಭೆ ಹಾಗೂ ಪಟ್ಟಣ ಪಂಚಾಯಿತಿಗಳು ಬಡ ಕುಟುಂಬಗಳಿಗೆ ನೆರವಾಗುವಂತೆ ಆದೇಶಿಸಬೇಕು. ಈ ಕೆಲಸಗಳು ಮುಂದಿನ ಮಳೆಗಾಲಕ್ಕೆ ಮೊದಲು ಆರಂಭವಾಗುವಂತೆ ಆರೋಗ್ಯ ಇಲಾಖೆ ಹಾಗೂ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗಳ ಜಂಟಿ ಸಭೆ ಕರೆದು, ಕೈಗೊಂಡ ಕ್ರಮವನ್ನು ಮನವಿದಾರರಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರಲಾಗಿದೆ.