ಅಪರೂಪದ ಕಾಯಿಲೆ, ಅಳತೆಯ ಔಷಧ

ತಕ್ಕಡಿಯಲ್ಲಿ ತೂಕ ಹೆಚ್ಚಿದರೆ ವರ್ತಕನಿಗೆ ನಷ್ಟ, ಕಡಿಮೆಯಾದರೆ ಗ್ರಾಹಕನಿಗೆ ಮೋಸ. ವ್ಯಾಪಾರದ ಈ ಮೊದಲ ಪಾಠವೇ ಇಂದು ಮಕ್ಕಳ ವೈದ್ಯಕೀಯದ ಒಂದು ನೂತನ ಪ್ರಯೋಗಕ್ಕೂ ಆಧಾರವಾಗಿದೆ.

ರೆಟ್ ಸಿಂಡ್ರೋಮ್ ಎಂಬುದು ಸುಮಾರು 10,000 ಹೆಣ್ಣುಶಿಶುಗಳಲ್ಲಿ ಒಂದನ್ನು ಬಾಧಿಸುವ ನರ ಬೆಳವಣಿಗೆಯ ಕಾಯಿಲೆ. ಮೊದಲ ಕೆಲವು ತಿಂಗಳು ಸಹಜವಾಗಿ ಬೆಳೆದ ಮಗು, ಕಲಿತ ಮಾತನ್ನೂ ಕೈಗಳ ಬಳಕೆಯನ್ನೂ ಕಳೆದುಕೊಳ್ಳುತ್ತದೆ. ಎಂಇಸಿಪಿ2 ಎಂಬ ಜೀನಿನ ದೋಷವೇ ಇದಕ್ಕೆ ಕಾರಣವೆಂದು 1999ರಲ್ಲಿ ಹುದಾ ಜೋಗ್ಬಿಯವರ ತಂಡವು ತೋರಿಸಿತು. 2007ರಲ್ಲಿ ಏಡ್ರಿಯನ್ ಬರ್ಡ್ ಅವರ ತಂಡವು ಇಲಿಗಳಲ್ಲಿ ಆ ಜೀನನ್ನು ಮರಳಿ ಚಾಲನೆಗೊಳಿಸಿದಾಗ ರೋಗಲಕ್ಷಣಗಳು ಹಿಮ್ಮೆಟ್ಟಿದವು. ಸರಿಯಾದ ಜೀನನ್ನು ನಿರುಪದ್ರವಿ ವೈರಸ್ಸಿನ ಮೂಲಕ ಮಕ್ಕಳಿಗೆ ನೀಡುವ ಪರೀಕ್ಷೆಗಳಿಗೆ ಈ ಶೋಧನೆಗಳೇ ತಳಹದಿ.

ಆದರೆ ಈ ಜೀನು ಇಮ್ಮಡಿಯಾದರೂ ಬೇರೊಂದು ಗಂಭೀರ ಕಾಯಿಲೆ ತಲೆದೋರುತ್ತದೆ. ಅಳತೆಯ ಕಷ್ಟ ಇಲ್ಲಿಗೇ ಮುಗಿಯುವುದಿಲ್ಲ. ವೈರಸ್ಸಿನ ಪ್ರಮಾಣವೂ ಅಪಾಯಕಾರಿಯಾಗಬಲ್ಲದು. ಅಮೆರಿಕದ ನ್ಯೂರೋಜೀನ್ ಸಂಸ್ಥೆಯ ಪರೀಕ್ಷೆಯಲ್ಲಿ ಹೆಚ್ಚಿನ ಪ್ರಮಾಣ ಪಡೆದ ಒಬ್ಬ ರೋಗಿಯು 2024ರ ನವೆಂಬರಿನಲ್ಲಿ ರೋಗನಿರೋಧಕ ವ್ಯವಸ್ಥೆಯ ವಿಪರೀತ ಪ್ರತಿಕ್ರಿಯೆಯಿಂದ ಮೃತಪಟ್ಟರು. ಸಂಸ್ಥೆಯು ಆ ಪ್ರಮಾಣವನ್ನು ಕೈಬಿಟ್ಟು, ಕಡಿಮೆ ಪ್ರಮಾಣದಲ್ಲಿ ಪರೀಕ್ಷೆಯನ್ನು ಮುಂದುವರಿಸಿತು.

ನಿಯಂತ್ರಣಗಳು ವಿಳಂಬಕ್ಕೆ ಕಾರಣವೆಂಬ ದೂರು ನಮ್ಮ ವಲಯದಲ್ಲಿ ಸಾಮಾನ್ಯ. ಕೆಟ್ಟ ಸರಕನ್ನು ನಾವು ಮಾರುಕಟ್ಟೆಯಿಂದ ಹಿಂಪಡೆಯಬಹುದು; ಮಗುವಿನ ಮಿದುಳಿಗೆ ಸೇರಿದ ಜೀನನ್ನು ಹಿಂಪಡೆಯಲಾಗದು. ಆದ್ದರಿಂದ ಇಲ್ಲಿ ಪರೀಕ್ಷೆಯ ನಿಧಾನವನ್ನು ಅಡಚಣೆಯೆಂದು ಭಾವಿಸದೆ, ಗುಣಮಟ್ಟದ ಭಾಗವೆಂದೇ ತಿಳಿಯಬೇಕು.

ಇನ್ನೊಂದು ಪ್ರಶ್ನೆ ಗಿರಾಕಿಯದು. ಗಿರಾಕಿ ವಿರಳವಾದಲ್ಲಿ ಬೆಲೆ ಗಗನಕ್ಕೇರುತ್ತದೆ. ಬೆನ್ನುಹುರಿಯ ನರಕೋಶಗಳು ನಶಿಸುವ ಕಾಯಿಲೆಯ ಜೀನ್ ಚಿಕಿತ್ಸೆಗೆ 2019ರಲ್ಲಿ ಅಮೆರಿಕದಲ್ಲಿ ನಿಗದಿಯಾದ ಬೆಲೆ 21.25 ಲಕ್ಷ ಡಾಲರ್. ನಮ್ಮ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ 2022ರಲ್ಲಿ ನಿಗದಿಯಾದ ನೆರವಿನ ಮಿತಿ 50 ಲಕ್ಷ ರೂಪಾಯಿ. ಈ ಅಂತರವನ್ನು ದಾನದಿಂದ ಮಾತ್ರ ತುಂಬುವುದು ಅಸಾಧ್ಯ.

ಹಾಗಾದರೆ ಸಣ್ಣ ಉದ್ಯಮಿಯು ಮಾಡಬಹುದಾದುದೇನು? ಜೀನ್ ದೋಷವು ಖಚಿತವಾಗದ ಮಗುವಿಗೆ ಇಂತಹ ಪರೀಕ್ಷೆಗಳಲ್ಲಿ ಪ್ರವೇಶವೇ ಇಲ್ಲ. ರೋಗನಿರ್ಣಯದ ಖರ್ಚಾದರೋ ಚಿಕಿತ್ಸೆಯ ಖರ್ಚಿನ ಅತ್ಯಲ್ಪ ಭಾಗ. 2013ರ ಕಂಪನಿ ಕಾಯಿದೆಯ 135ನೇ ಕಲಮು ನಮ್ಮಲ್ಲಿ ಬಹುಮಂದಿಗೆ ಅನ್ವಯಿಸದಿರಬಹುದು. ಆದರೂ ಹನಿಗೂಡಿದರೆ ಹಳ್ಳವಲ್ಲವೆ? ಸರ್ಕಾರಿ ಮಕ್ಕಳ ಆಸ್ಪತ್ರೆಗಳಲ್ಲಿ ಜೀನ್ ತಪಾಸಣೆಗೆಂದೇ ಸದಸ್ಯರ ಸಾಮೂಹಿಕ ನಿಧಿಯೊಂದನ್ನು ಸ್ಥಾಪಿಸುವ ಕುರಿತು ನಮ್ಮ ಸಂಸ್ಥೆಯು ಚಿಂತಿಸಬೇಕೆಂದು ಕೋರುತ್ತೇನೆ.