ನಟರಾಜನಿಗೆ ಸರ್ನ್ ಸರ್ಟಿಫಿಕೇಟ್ ಬೇಕಾ?

ನಮ್ಮ ಕ್ಲಾಸ್ ಗ್ರೂಪಿಗೆ ಆ ಫೋಟೋ ಆಗಾಗ ಬರ್ತಾನೇ ಇರುತ್ತೆ. ಜಿನೀವಾ ಹತ್ತಿರದ ಸರ್ನ್ ಲ್ಯಾಬಿನ ಆವರಣದಲ್ಲಿರೋ ಎರಡು ಮೀಟರ್ ಎತ್ತರದ ನಟರಾಜ. ಕೆಳಗೆ, ಕ್ವಾಂಟಮ್ ಫಿಸಿಕ್ಸ್ ನಮ್ಮವರಿಗೆ ಮೊದಲೇ ಗೊತ್ತಿತ್ತು ಅನ್ನೋ ಸಾಲು. ಫಸ್ಟ್ ಇಯರ್‌ನಲ್ಲಿ ನಾನೂ ಅದನ್ನ ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡಿದ್ದೆ.

ಆ ಮೂರ್ತಿ 2004ರಲ್ಲಿ ಭಾರತ ಸರ್ಕಾರ ಕೊಟ್ಟ ಉಡುಗೊರೆ. ಕಣಗಳ ಚಲನೆಯನ್ನ ಶಿವನ ಕುಣಿತಕ್ಕೆ ಹೋಲಿಸಿದ್ದು ಫ್ರಿಟ್ಜಾಫ್ ಕಾಪ್ರಾ ಅನ್ನೋ ಭೌತವಿಜ್ಞಾನಿ, 1975ರ ತಮ್ಮ ಪುಸ್ತಕದಲ್ಲಿ. ಚೆಂದದ ಹೋಲಿಕೆ. ಆದ್ರೆ ಹೋಲಿಕೆ ಪ್ರೂಫ್ ಅಲ್ಲ. ಲ್ಯಾಬ್ ರೆಕಾರ್ಡಲ್ಲಿ ರೀಡಿಂಗ್ ಬದಲು ಉಪಮೆ ಬರೆದು ಸೈನ್ ಹಾಕಿಸಿಕೊಂಡು ಬನ್ನಿ ನೋಡೋಣ!

ಆದ್ರೆ ನನ್ನ ತಕರಾರು ಅದಲ್ಲ. ಫಾರ್ವರ್ಡ್ ಮಾಡೋ ನಾವು ಆ ಮೂರ್ತಿಯನ್ನ ಸರಿಯಾಗಿ ನೋಡೇ ಇಲ್ಲ. ಭರತನಾಟ್ಯ ಕಲಿತಿರೋ ಸೀನಿಯರ್ ಅಕ್ಕ ಒಬ್ಬರು, "ಶಿವನ ಕಾಲ ಕೆಳಗೆ ಇರೋದು ಯಾರು ಹೇಳು" ಅಂದ್ರು. "ಯಾರೋ ರಾಕ್ಷಸ ಅಕ್ಕಾ" ಅಂದೆ. ಅವರು ನಕ್ಕು ಒಂದೊಂದೇ ತೋರಿಸಿದ್ರು. ಹಿಂದಿನ ಬಲಗೈಯ ಡಮರು ಸೃಷ್ಟಿ, ಎಡಗೈಯ ಬೆಂಕಿ ಲಯ. ಮುಂದಿನ ಬಲಗೈ ಹೆದರಬೇಡ ಅನ್ನುತ್ತೆ. ಎಡಗೈ ಮೇಲೆತ್ತಿದ ಪಾದವನ್ನ ತೋರಿಸುತ್ತೆ, ಅದು ಅನುಗ್ರಹ. ಕೆಳಗಿರೋ ಕುಳ್ಳ ಅಪಸ್ಮಾರ, ಅಂದ್ರೆ ಮರೆವು, ಅಜ್ಞಾನ.

ನನ್ನ ತಲೇಲಿ ಉಳಿದಿದ್ದು ಈ ಅಪಸ್ಮಾರ. ಮಹಿಷಾಸುರನ ಕಥೆಯಲ್ಲಿ ರಾಕ್ಷಸ ಸಾಯ್ತಾನೆ, ಯುದ್ಧ ಮುಗಿಯುತ್ತೆ. ಇವನು ಸಾಯೋದಿಲ್ಲ. ಶಿವ ಅವನನ್ನ ತುಳಿದು ಹಿಡಿದಿರ್ತಾನೆ ಅಷ್ಟೆ. ಕಾಲು ತೆಗೆದ್ರೆ ಎದ್ದು ಬರ್ತಾನೆ. ಅಜ್ಞಾನ ಒಂದು ಸಲ ಬರೆದು ಕ್ಲಿಯರ್ ಮಾಡೋ ಬ್ಯಾಕ್‌ಲಾಗ್ ಅಲ್ಲ ಅಂತ ನಾನು ಅರ್ಥ ಮಾಡ್ಕೊಂಡೆ. ಓದದೇ ಫಾರ್ವರ್ಡ್ ಮಾಡಿದ ನನಗಿಂತ ಬೇರೆ ಉದಾಹರಣೆ ಬೇಕಾ?

ಇಷ್ಟು ಕಲಿತು, ಎಲ್ಲಾ ಗೊತ್ತಾಯ್ತು ಅಂದುಕೊಂಡು ದಸರಾ ರಜೆಯಲ್ಲಿ ಬಾದಾಮಿಗೆ ಹೋದೆ. ಮೊದಲನೇ ಗುಹೆಯ ಹೊರಗಿನ ಬಂಡೆಯಲ್ಲಿ ಚಾಲುಕ್ಯರ ಕಾಲದ ಶಿವ, ಆರನೇ ಶತಮಾನದವನು. 18 ಕೈ. ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು, ಜೋಡಿಸಿದರೆ 81 ಭಂಗಿ ಅಂತ ಗೈಡ್ ಲೆಕ್ಕ ಕೊಟ್ರು. (ಪರ್ಮ್ಯುಟೇಶನ್ ಪಾಠದಲ್ಲಿ ಯಾರೂ ಇದನ್ನ ಹೇಳಲಿಲ್ಲ.) ನಾನು ಹುಡುಕಿದ್ದು ಅಪಸ್ಮಾರನನ್ನ. ಇಲ್ಲ! ಬೆಂಕಿಯ ಬಳೆಯೂ ಇಲ್ಲ. ಅವೆಲ್ಲ ಆಮೇಲೆ ಬಂದ ಚೋಳರ ಕಂಚಿನ ಮೂರ್ತಿಗಳಲ್ಲಿ ನಾವು ನೋಡಿರೋದು. ಇಲ್ಲಿ ಹಿಂದೆ ನಂದಿ, ಪಕ್ಕದಲ್ಲಿ ಗಣಪ, ಒಬ್ಬ ವಾದ್ಯ ಬಾರಿಸ್ತಿದ್ದಾನೆ. ಅಪ್ಪ ಕುಣಿತಾ ಇದ್ದಾನೆ, ಮಗ ಜೊತೆಗಿದ್ದಾನೆ.

ಚೋಳರ ಶಿವನೇ ಬಾದಾಮಿಯ ಶಿವನಿಗೆ ಪೂರ್ತಿ ಹೊಂದಲ್ಲ. ಅಂಥದ್ರಲ್ಲಿ ಇಬ್ಬರನ್ನೂ ಫಿಸಿಕ್ಸಿನ ಒಂದು ಸಾಲಿಗೆ ತುರುಕೋದು ಅವಮಾನ ಅಂತಲೇ ನನಗನ್ಸುತ್ತೆ, ಹೆಮ್ಮೆ ಅಲ್ಲ.

ಹೋದ ವಾರ ಫೋಟೋ ಮತ್ತೆ ಬಂತು. "ಕಾಲ ಕೆಳಗೆ ಯಾರಿದ್ದಾರೆ?" ಅಂತ ಕೇಳಿದೆ. ಬಂದಿದ್ದು ಎರಡೇ ಉತ್ತರ. ಒಂದು ಹೆಬ್ಬೆರಳು. ಇನ್ನೊಂದು, "ಇಂಟರ್ನಲ್ಸ್‌ಗೆ ಬರುತ್ತಾ?"